ಬಿಡುವಿನ ವೇಳೆಯೂ ಕಿಟಕಿಯಾಚೆಯ ಹಕ್ಕಿಗಳೂ

ಮಹಾನಗರದಲ್ಲಿ ನೆಲೆಸಿದ ಕನ್ನಡಿಗನನ್ನು ‘ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತೀರಿ?’ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ‘ಬಿಡುವು ಎಲ್ಲಿದೆ ಸ್ವಾಮಿ?’ ಎಂಬ ಮರುಪ್ರಶ್ನೆಯೇ. ಈ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಡೊಂಬಿವಲಿಯಿಂದಲೋ ವಿರಾರದಿಂದಲೋ ಮುಂಬಯಿಯ ಕೋಟೆ ವಿಭಾಗದ ಕಚೇರಿಗೆ ಹೋಗಿಬರುವವನ ದಿನದಲ್ಲಿ ಎರಡೂವರೆ ಮೂರು ತಾಸು ಲೋಕಲ್ ಗಾಡಿಯಲ್ಲಿಯೇ ಕರಗಿಹೋಗುತ್ತದೆ. ಭಾನುವಾರವೆಂದರೆ ವಾರದ ಕಾಯಿಪಲ್ಲೆ, ಮಕ್ಕಳ ಪಾಠ, ಬಂಧುಗಳ ಮನೆಯ ಮುಂಜಿ ಮದುವೆ, ಇಲ್ಲವೆ ಹೌಸಿಂಗ್ ಸೊಸೈಟಿಯ ಸಭೆ. ಹೀಗಾಗಿ ವಿರಾಮವನ್ನು ಮುದ್ದತಿನ ಠೇವಣಿಯಂತೆ ಮುಂದಕ್ಕೆ ಹಾಕುವ ರೂಢಿ ಬೆಳೆದುಬಂದಿದೆ. ‘ಊರಿಗೆ ಹೋದಾಗ ನೋಡೋಣ’, ‘ನಿವೃತ್ತಿಯಾದ ಮೇಲೆ ಮಾಡೋಣ’ ಎನ್ನುತ್ತಾರೆ. ಆದರೆ ಈ ಠೇವಣಿಗೆ ಬಡ್ಡಿ ಬೆಳೆಯುವುದಿಲ್ಲ; ಅವಧಿ ಮುಗಿಯುವ ಹೊತ್ತಿಗೆ ಅಸಲೂ ಕರಗಿರುವುದುಂಟು. ನಿವೃತ್ತಿಯ ಮರುದಿನ ವೃತ್ತಪತ್ರಿಕೆಯನ್ನು ಜಾಹೀರಾತುಗಳ ಸಮೇತ ಓದಿ ಮುಗಿಸಿ, ಇನ್ನೇನು ಮಾಡಬೇಕೆಂದು ತಿಳಿಯದೆ ಬಾಲ್ಕನಿಯಲ್ಲಿ ನಿಂತ ಹಿರಿಯರನ್ನು ಯಾವ ಕಾಲನಿಯಲ್ಲಿಯಾದರೂ ಕಾಣಬಹುದು. ಊರಿನ ಮನೆಗೆ ಬೀಗ ಹಾಕಿ ಮಗನ ಸಂಗಡ ಇರಲೆಂದು ಬಂದ ತಂದೆತಾಯಿಯರ ಪಾಡು ಇನ್ನೂ ಕಷ್ಟಕರ. ಅಂಗಳವಿಲ್ಲ, ಜಗಲಿಯಿಲ್ಲ, ಮಾತಿಗೆ ಸಿಕ್ಕುವ ನೆರೆಯವರ ಭಾಷೆ ಬೇರೆ.

ಆ ಬಾಲ್ಕನಿಯಿಂದಲೇ ಆರಂಭಿಸಬಹುದಾದ, ಹೆಚ್ಚಿನ ವೆಚ್ಚವಿಲ್ಲದ ಒಂದು ಹವ್ಯಾಸವೇ ಪಕ್ಷಿವೀಕ್ಷಣೆ. ಇದು ಕಾಡುಮೇಡು ಅಲೆಯಬಲ್ಲ ತರುಣರಿಗೆ, ದುಬಾರಿ ದುರ್ಬೀನು ಕೊಳ್ಳಬಲ್ಲ ಸಿರಿವಂತರಿಗೆ ಮಾತ್ರ ಒಪ್ಪುವಂಥದು ಎಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಮುಂಬಯಿಯಲ್ಲಿ ಈ ಹವ್ಯಾಸವನ್ನು ಕಟ್ಟಿ ಬೆಳೆಸಿದವರಲ್ಲಿ ಹಲವರು ಸರಕಾರಿ ನೌಕರರು, ವೈದ್ಯರು, ವರ್ತಕರು. ಅಂದರೆ ದಿನದ ಕೆಲಸ ಮುಗಿಸಿ ಉಳಿದ ಹೊತ್ತನ್ನು ಇದಕ್ಕೆ ಮೀಸಲಿಟ್ಟವರು. ಅವರ ಕಥೆಯನ್ನು ಹೇಳುವ ಮೊದಲು ಹಕ್ಕಿಗಳನ್ನು ನೋಡುವುದರಿಂದ ದಣಿದ ಮನಸ್ಸಿಗೆ ಆಗುವುದಾದರೂ ಏನು ಎಂಬುದನ್ನು ಪರಿಶೀಲಿಸುವುದು ಯುಕ್ತ.

ಅಂಕಿಅಂಶಗಳ ಕೆಲಸ ಮಾಡುವವರಿಗೆ ಈ ದಣಿವಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ಸಂಜೆ ಐದರ ಸುಮಾರಿಗೆ ಒಂದೇ ಮೊತ್ತವನ್ನು ಮೂರು ಸಲ ಕೂಡಿದರೂ ಮೂರು ಬೇರೆ ಉತ್ತರಗಳು ಬರುತ್ತವೆ. ದೇಹ ದಣಿದಿರುವುದಿಲ್ಲ, ದಣಿದಿರುವುದು ಗಮನಶಕ್ತಿ. ಅಮೆರಿಕೆಯ ಮನಶ್ಶಾಸ್ತ್ರಜ್ಞ ದಂಪತಿಗಳಾದ ರೇಚಲ್ ಕ್ಯಾಪ್ಲನ್ ಮತ್ತು ಸ್ಟೀಫನ್ ಕ್ಯಾಪ್ಲನ್ 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಅವರ ಪ್ರಕಾರ ಗಮನದಲ್ಲಿ ಎರಡು ಬಗೆ. ಒಂದು, ಪ್ರಯತ್ನಪೂರ್ವಕವಾದದ್ದು. ಲೆಕ್ಕಪತ್ರ ಪರಿಶೀಲಿಸುವಾಗ, ವಾಹನಗಳ ನಡುವೆ ರಸ್ತೆ ದಾಟುವಾಗ, ಗದ್ದಲದಲ್ಲಿ ಒಬ್ಬರ ಮಾತನ್ನಷ್ಟೇ ಆಲಿಸುವಾಗ ಬೇಡವಾದುದನ್ನೆಲ್ಲ ಮನಸ್ಸು ಬಲವಂತದಿಂದ ದೂರ ತಳ್ಳುತ್ತಿರಬೇಕಾಗುತ್ತದೆ. ಈ ತಳ್ಳುವ ಶ್ರಮದಿಂದಲೇ ಅದು ಬಳಲುತ್ತದೆ. ಇನ್ನೊಂದು, ತಾನಾಗಿ ಸೆಳೆಯಲ್ಪಡುವ ಗಮನ. ಹರಿಯುವ ನೀರು, ತೂಗುವ ಎಲೆ, ಚಲಿಸುವ ಮೋಡ, ಹಾರುವ ಹಕ್ಕಿ, ಇವನ್ನು ನೋಡಲು ಯಾವ ಪ್ರಯತ್ನವೂ ಬೇಕಿಲ್ಲ. ಎರಡನೆಯದು ಕೆಲಸ ಮಾಡುತ್ತಿರುವಾಗ ಮೊದಲನೆಯದಕ್ಕೆ ವಿಶ್ರಾಂತಿ ದೊರೆಯುತ್ತದೆ ಎಂಬುದು ಅವರ ವಾದ. ದೂರದರ್ಶನದ ಧಾರಾವಾಹಿಯೂ ಮೊಬೈಲ್ ಫೋನೂ ಗಮನವನ್ನು ಸೆಳೆಯುತ್ತವೆ ನಿಜ. ಆದರೆ ಅವು ಬಿಗಿಯಾಗಿ ಹಿಡಿದು ಎಳೆಯುತ್ತವೆ, ನಡುವೆ ಬೇರೆ ಯೋಚನೆಗೆ ಎಡೆಕೊಡುವುದಿಲ್ಲ. ಹಕ್ಕಿಯನ್ನು ನೋಡುತ್ತಿರುವವನ ಮನಸ್ಸು ಅರ್ಧ ಅಲ್ಲಿ, ಅರ್ಧ ತನ್ನಲ್ಲಿ ಇರುತ್ತದೆ.

ತನ್ನಷ್ಟಕ್ಕೆ ಚಲಿಸುವ ವಸ್ತುವಿನ ಈ ಆಕರ್ಷಣೆಯನ್ನು ಕಲಾವಿದರೂ ಗುರುತಿಸಿದ್ದಾರೆ. ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ತಂತಿಗಳಿಗೆ ಬಣ್ಣದ ತಗಡಿನ ತುಣುಕುಗಳನ್ನು ಸಮತೂಕದಲ್ಲಿ ಜೋಡಿಸಿ, ಗಾಳಿಯ ಒಂದು ಉಸಿರಿಗೆ ನಿಧಾನವಾಗಿ ತಿರುಗುವ ಶಿಲ್ಪಗಳನ್ನು ನಿರ್ಮಿಸಿದನು. ಇಂಥ ಚಲನಶಿಲ್ಪಗಳಿಗೆ 1931ರಲ್ಲಿ ‘ಮೊಬೈಲ್’ ಎಂದು ಹೆಸರಿಟ್ಟವನು ಫ್ರೆಂಚ್ ಕಲಾವಿದ ಮಾರ್ಸೆಲ್ ದುಶಾಂ. ಇಂದು ಪ್ರತಿಯೊಬ್ಬರ ಕಿಸೆಯಲ್ಲಿರುವ ಯಂತ್ರಕ್ಕಿಂತ ಬಹು ಮೊದಲೇ ಈ ಶಬ್ದ ಇಷ್ಟು ಶಾಂತವಾದ ವಸ್ತುವೊಂದಕ್ಕೆ ಸಂದಿತ್ತೆಂಬುದು ಸ್ವಾರಸ್ಯಕರ. 1955ರಲ್ಲಿ ಸಾರಾಭಾಯಿ ಕುಟುಂಬದ ಆಹ್ವಾನದ ಮೇರೆಗೆ ಕಾಲ್ಡರ್ ಅಹಮದಾಬಾದಿಗೆ ಬಂದು, ಅಲ್ಲಿಯೇ ಕೆಲವು ಕೃತಿಗಳನ್ನು ರಚಿಸಿದನು. ಆದರೆ ಕನ್ನಡದ ತಾಯಂದಿರಿಗೆ ಈ ತತ್ತ್ವ ಹೊಸತಲ್ಲ. ತೊಟ್ಟಿಲ ಮೇಲೆ ಬಟ್ಟೆಯ ಗಿಳಿಗಳ ಗೊಂಚಲನ್ನು ಕಟ್ಟಿ, ಅದು ತಿರುಗುವುದನ್ನು ನೋಡುತ್ತ ಮಗು ಅಳು ಮರೆಯುವಂತೆ ಮಾಡುವುದು ಹಳೆಯ ಪದ್ಧತಿ. ಕಿಟಕಿಯ ಎದುರಿಗೆ ಪಕ್ಕದ ಕಟ್ಟಡದ ಗೋಡೆಯೊಂದೇ ಇರುವ ಮನೆಯವರು ರಟ್ಟಿನ ತುಂಡು, ದಾರ, ಕಸಬರಿಕೆಯ ಕಡ್ಡಿಗಳಿಂದ ಅಂಥದೊಂದನ್ನು ಮಕ್ಕಳೊಡನೆ ಮಾಡಿ ತೂಗುಹಾಕಿದರೆ ಒಂದು ಮಳೆಗಾಲದ ಭಾನುವಾರ ಸಂತೋಷದಿಂದ ಕಳೆಯುತ್ತದೆ. ಉಳಿದವರಿಗೆ ಜೀವಂತ ಗಿಳಿಗಳೇ ಇವೆ.

ನಿಸರ್ಗದ ನೋಟಕ್ಕೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಕುರಿತು ನಡೆದ ಅಧ್ಯಯನಗಳಲ್ಲಿ ರೋಜರ್ ಉಲ್ರಿಚ್ ಎಂಬವರು 1984ರಲ್ಲಿ ಪ್ರಕಟಿಸಿದ್ದು ಪ್ರಸಿದ್ಧವಾದುದು. ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದ 46 ರೋಗಿಗಳ ದಾಖಲೆಗಳನ್ನು ಅವರು ಜೋಡಿಜೋಡಿಯಾಗಿ ಹೋಲಿಸಿದರು. ಅರ್ಧದಷ್ಟು ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದವರಿಗೆ ಇಟ್ಟಿಗೆಯ ಗೋಡೆ. ಮರಗಳು ಕಾಣುತ್ತಿದ್ದವರು ಸರಾಸರಿ 7.96 ದಿನಗಳಲ್ಲಿಯೂ ಗೋಡೆ ಕಾಣುತ್ತಿದ್ದವರು 8.70 ದಿನಗಳಲ್ಲಿಯೂ ಮನೆಗೆ ಹೋದರು. ಮೊದಲನೆಯವರಿಗೆ ತೀವ್ರವಾದ ನೋವುನಿವಾರಕಗಳ ಅವಶ್ಯಕತೆಯೂ ಕಡಿಮೆಯಿತ್ತು. ಹಕ್ಕಿಗಳನ್ನೇ ಕುರಿತ ಅಧ್ಯಯನ ಈಚಿನದು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 1,292 ಮಂದಿಯಿಂದ ದಿನಕ್ಕೆ ಹಲವು ಸಲ ಫೋನಿನ ಮೂಲಕ ಮಾಹಿತಿ ಪಡೆದು 2022ರಲ್ಲಿ ಪ್ರಕಟಿಸಿದ ವರದಿಯಂತೆ, ಹಕ್ಕಿಯನ್ನು ಕಂಡಾಗ ಇಲ್ಲವೆ ಅದರ ದನಿ ಕೇಳಿದಾಗ ಮನಸ್ಸು ಉಲ್ಲಸಿತವಾಗುತ್ತಿತ್ತು. ಈ ಪರಿಣಾಮ ಎಂಟು ಗಂಟೆಗಳವರೆಗೂ ಉಳಿಯುತ್ತಿತ್ತು. ಖಿನ್ನತೆಯಿಂದ ಬಳಲುತ್ತಿದ್ದವರಲ್ಲಿಯೂ ಇದೇ ಫಲ ಕಂಡುಬಂದಿತು. ಇಂಗ್ಲೆಂಡಿನ ಸುಮಾರು 20,000 ಮಂದಿಯನ್ನು ಕುರಿತು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ವಾರಕ್ಕೆ 120 ನಿಮಿಷಗಳಾದರೂ ಹಸುರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ಹೇಳುವ ಸಂಭವ ಹೆಚ್ಚೆಂದು ತೋರಿಸಿತು. ಒಂದೇ ದಿನ ಕಳೆದರೂ ಬಿಡಿಬಿಡಿಯಾಗಿ ಕಳೆದರೂ ವ್ಯತ್ಯಾಸವಿರಲಿಲ್ಲ. ಏಳರಿಂದ ಭಾಗಿಸಿದರೆ ದಿನಕ್ಕೆ ಹದಿನೇಳು ನಿಮಿಷ. ಕಲ್ಯಾಣದ ಗಾಡಿಗೆ ಕಾಯುವಷ್ಟು ಹೊತ್ತು.

ಈ ಅಂಕಿಗಳನ್ನು ಮಿತಿಮೀರಿ ನಂಬಬಾರದು. ಇವು ಸಂಬಂಧವನ್ನು ತೋರಿಸುತ್ತವೆಯೇ ಹೊರತು ಹಕ್ಕಿ ನೋಡಿದ್ದರಿಂದಲೇ ರೋಗ ಗುಣವಾಯಿತೆಂದು ಸಾಧಿಸುವುದಿಲ್ಲ. ರಕ್ತದೊತ್ತಡದ ಗುಳಿಗೆಯನ್ನು ಬಿಟ್ಟು ಗುಬ್ಬಚ್ಚಿಯನ್ನು ನೋಡುತ್ತ ಕೂರಲು ಯಾವ ವೈದ್ಯರೂ ಹೇಳಲಾರರು. ಆದರೆ ದಿನವಿಡೀ ಕಂಪ್ಯೂಟರಿನ ಪರದೆಯನ್ನೋ ಕಾಗದವನ್ನೋ ಸಮೀಪದಿಂದ ನೋಡುವವರಿಗೆ ಒಂದು ಪ್ರಯೋಜನವಂತೂ ಖಚಿತ. ಹತ್ತಿರದ ನೋಟಕ್ಕೆ ಕಣ್ಣಿನೊಳಗಿನ ಸ್ನಾಯು ಬಿಗಿಯಾಗಬೇಕು. ದೂರದ ನೋಟಕ್ಕೆ ಅದು ಸಡಿಲಗೊಳ್ಳುತ್ತದೆ. ಆಕಾಶದಲ್ಲಿ ಸುತ್ತುವ ಹದ್ದನ್ನು ಎರಡು ನಿಮಿಷ ದಿಟ್ಟಿಸಿದರೆ ಕಣ್ಣಿಗೆ ಆ ವಿಶ್ರಾಂತಿ ತಾನಾಗಿ ದೊರೆಯುತ್ತದೆ.

ಇನ್ನು ಈ ಹವ್ಯಾಸವನ್ನು ಮುಂಬಯಿಯಲ್ಲಿ ಬೆಳೆಸಿದವರ ವಿಚಾರ. 1883ರ ಸೆಪ್ಟೆಂಬರ್ 15ರಂದು ಎಂಟು ಮಂದಿ ನಾಗರಿಕರು ಬೈಕುಳಾದ ವಸ್ತುಸಂಗ್ರಹಾಲಯದಲ್ಲಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಅವರಲ್ಲಿ ಇಬ್ಬರು ಭಾರತೀಯರು, ಡಾಕ್ಟರ್ ಆತ್ಮಾರಾಮ ಪಾಂಡುರಂಗ ಮತ್ತು ಡಾಕ್ಟರ್ ಸಖಾರಾಮ ಅರ್ಜುನ; ಇಬ್ಬರೂ ವೈದ್ಯವೃತ್ತಿಯವರು. ಸಂಸ್ಥೆಯ ಆರಂಭದ ದಿನಗಳಲ್ಲಿ ಅದಕ್ಕೆ ತನ್ನ ಅಂಗಡಿಯಲ್ಲಿ ಒಂದು ಕೊಠಡಿ ಬಿಟ್ಟುಕೊಟ್ಟ ಫಿಪ್ಸನ್ ಎಂಬವನು ದ್ರಾಕ್ಷಾಮದ್ಯದ ವರ್ತಕ. ಸ್ಥಾಪಕರಲ್ಲಿ ಇನ್ನೊಬ್ಬನಾದ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ಉಪ್ಪಿನ ಸುಂಕಕ್ಕಿಂತ ನೀರಸವಾದ ಉದ್ಯೋಗವನ್ನು ಕಲ್ಪಿಸುವುದು ಕಷ್ಟ. ಆದರೂ ಆತನು ‘ಈಹಾ’ ಎಂಬ ಅಂಕಿತದಲ್ಲಿ ಬರೆದ ವಿನೋದಪೂರ್ಣ ಗ್ರಂಥಗಳು ಇಂದಿಗೂ ಉಳಿದಿವೆ. ಅವುಗಳಲ್ಲೊಂದರ ರಂಗಸ್ಥಳ ಅಂದಿನ ಕೆನರಾ ಜಿಲ್ಲೆಯ ಕಾಡು. 1900ರಲ್ಲಿ ಪ್ರಕಟವಾದ ಮತ್ತೊಂದು, ಮುಂಬಯಿಯ ಸಾಮಾನ್ಯ ಪಕ್ಷಿಗಳನ್ನೇ ಕುರಿತದ್ದು. ಕಾಗೆ, ಗುಬ್ಬಚ್ಚಿ, ಹದ್ದುಗಳನ್ನು ನೆರೆಹೊರೆಯವರಂತೆ ಕಂಡು ಬರೆದವರಲ್ಲಿ ಆತನು ಮೊದಲಿಗನೆನ್ನಬಹುದು.

ಇದೇ ಸಂಸ್ಥೆಯ ಲಾಂಛನದಲ್ಲಿರುವ ಹಕ್ಕಿ ದೊಡ್ಡ ಮಂಗಟ್ಟೆ. ಅದರ ಹಿಂದಿನ ಕಥೆ ಕನ್ನಡಿಗರಿಗೆ ಗೊತ್ತಿರಬೇಕಾದದ್ದು. 1894ರಲ್ಲಿ ಕಾರವಾರದಿಂದ ಮಂಗಟ್ಟೆಯ ಮರಿಯೊಂದು ಸೊಸೈಟಿಗೆ ಕಾಣಿಕೆಯಾಗಿ ಬಂದಿತು. ಅದಕ್ಕೆ ವಿಲಿಯಂ ಎಂದು ನಾಮಕರಣವಾಯಿತು. ನಾಲ್ಕು ಅಡಿಗೂ ಮಿಕ್ಕಿ ಬೆಳೆದ ಈ ಕಾರವಾರದ ಅತಿಥಿ ಹಣ್ಣುಗಳೊಡನೆ ಇಲಿ, ಚೇಳು, ಹಸಿಮಾಂಸಗಳನ್ನೂ ರುಚಿಯಿಂದ ತಿನ್ನುತ್ತಿತ್ತು. ಸುಮಾರು ಮೂವತ್ತು ಅಡಿ ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಿಂದ ಹಿಡಿಯುತ್ತಿತ್ತು. 1920ರಲ್ಲಿ ಸಾಯುವವರೆಗೆ, ಇಪ್ಪತ್ತಾರು ವರ್ಷಗಳ ಕಾಲ ಅದು ಸಂಸ್ಥೆಯ ಕಚೇರಿಯಲ್ಲಿಯೇ ವಾಸವಾಗಿತ್ತು. ಕೋಟೆ ವಿಭಾಗದಲ್ಲಿರುವ ಸಂಸ್ಥೆಯ ಇಂದಿನ ಕಟ್ಟಡದ ಹೆಸರೂ ‘ಹಾರ್ನ್‌ಬಿಲ್ ಹೌಸ್’. ಹೊಟ್ಟೆಪಾಡಿಗಾಗಿ ಕರಾವಳಿಯಿಂದ ಮುಂಬಯಿಗೆ ಬಂದವರ ಪಟ್ಟಿಯಲ್ಲಿ ಈ ವಿಲಿಯಮ್ಮನನ್ನೂ ಸೇರಿಸಲು ಅಡ್ಡಿಯಿಲ್ಲ. ಹೋಟೆಲಿನ ಕೆಲಸ ಮಾತ್ರ ಅದು ಮಾಡಲಿಲ್ಲ.

ಡಾಕ್ಟರ್ ಸಲೀಂ ಅಲಿಯವರ ಹೆಸರನ್ನು ಕೇಳದವರು ವಿರಳ. 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಅವರು ಬಾಲ್ಯದಲ್ಲಿ ಗಾಳಿಕೋವಿಯಿಂದ ಒಂದು ಗುಬ್ಬಚ್ಚಿಯನ್ನು ಹೊಡೆದರು. ಅದರ ಕೊರಳಲ್ಲಿ ಹಳದಿ ಮಚ್ಚೆಯಿದ್ದುದನ್ನು ಕಂಡು, ಅದು ಯಾವ ಹಕ್ಕಿಯೆಂದು ತಿಳಿಯಲು ಇದೇ ಸೊಸೈಟಿಯ ಕಾರ್ಯದರ್ಶಿ ಮಿಲರ್ಡ್ ಎಂಬವರ ಬಳಿಗೆ ಹೋದರು. ಅಲ್ಲಿಂದ ಅವರ ಬದುಕಿನ ದಿಕ್ಕು ಬದಲಾಯಿತೆಂಬುದು ಎಲ್ಲರೂ ಹೇಳುವ ಕಥೆ. ಅಷ್ಟಾಗಿ ಹೇಳದಿರುವುದು, ಬರ್ಮಾದಲ್ಲಿ ಕುಟುಂಬದ ಗಣಿ ಮತ್ತು ಮರದ ವ್ಯವಹಾರ ನೋಡಿಕೊಂಡು ಹಿಂತಿರುಗಿದ ಮೇಲೆ 1917ರಲ್ಲಿ ಅವರು ಮುಂಬಯಿಯ ದಾವರ್ ವಾಣಿಜ್ಯ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಪತ್ರಶಾಸ್ತ್ರವನ್ನು ಓದಿದರೆಂಬುದು. ವಾಣಿಜ್ಯ ಪದವೀಧರರು ಇದನ್ನು ತಕ್ಕಮಟ್ಟಿನ ಅಭಿಮಾನದಿಂದ ನೆನೆಯಬಹುದು. 1930ರಲ್ಲಿ ಜರ್ಮನಿಯಿಂದ ಮರಳಿದಾಗ ವಸ್ತುಸಂಗ್ರಹಾಲಯದಲ್ಲಿ ಅವರಿಗಿದ್ದ ಉಪನ್ಯಾಸಕನ ಹುದ್ದೆ ರದ್ದಾಗಿತ್ತು. ನಿರುದ್ಯೋಗಿಯಾಗಿ ಮುಂಬಯಿಯ ಎದುರು ದಂಡೆಯ ಕೀಹೀಮ್ ಗ್ರಾಮದ ಮನೆಗೆ ಹೋದರು. ಅಲ್ಲಿ ಹತ್ತಿರದಲ್ಲಿಯೇ ಗೀಜಗ ಹಕ್ಕಿಗಳು ಗೂಡು ನೇಯುತ್ತಿದ್ದವು. ಬೇರೆ ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಅವರು ಕಂಡುಕೊಂಡದ್ದು ಇದು: ಗಂಡು ಗೀಜಗ ಗೂಡನ್ನು ಅರ್ಧ ಮಾತ್ರ ನೇದು ನಿಲ್ಲಿಸುತ್ತದೆ, ಹೆಣ್ಣುಗಳು ಬಂದು, ಬಾಡಿಗೆಗೆ ಮನೆ ನೋಡುವವರಂತೆ ಒಳಹೊರಗೆ ಪರೀಕ್ಷಿಸಿ, ಮನಸ್ಸಿಗೆ ಬಂದುದನ್ನು ಆರಿಸಿಕೊಳ್ಳುತ್ತವೆ, ಆ ಮೇಲೆಯೇ ಗಂಡು ಗೂಡನ್ನು ಪೂರ್ಣಗೊಳಿಸಿ, ಇನ್ನೊಂದು ಗೂಡಿಗೆ ಕೈಹಾಕುತ್ತದೆ. ಒತ್ತಾಯದ ಬಿಡುವಿನಿಂದ ಹುಟ್ಟಿದ ಈ ಅಧ್ಯಯನವೇ ಅವರಿಗೆ ವಿದ್ವತ್‌ಲೋಕದಲ್ಲಿ ಹೆಸರು ತಂದಿತು. ಮುಂದೆ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನೂ ನಡೆಸಿದರು. ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದು ಅವರ ಸೂಚನೆಯ ಮೇರೆಗೆ.

ಹಾಗಾದರೆ ಮಾಟುಂಗಾದ, ಚೆಂಬೂರಿನ ಅಥವಾ ಮೀರಾ ರೋಡಿನ ಮೂರನೆಯ ಮಹಡಿಯ ಕಿಟಕಿಯಿಂದ ಏನು ಕಾಣುತ್ತದೆ? ಒಂದೆರಡು ಮರಗಳಿದ್ದರೆ ಸಾಕು, ವರ್ಷವಿಡೀ ಏನಾದರೊಂದು ನಡೆದೇ ಇರುತ್ತದೆ. ಜನವರಿ ಮುಗಿಯುವ ಹೊತ್ತಿಗೆ ಕೆಂಪು ಬೂರುಗದ ಮರ ಎಲೆಯುದುರಿಸಿ ಹೂ ಬಿಡುತ್ತದೆ. ಆ ಹೂವಿನ ರಸಕ್ಕೆ ಗೊರವಂಕ, ಪಿಕಳಾರ, ಕಾಜಾಣ, ಸೂರಕ್ಕಿಗಳು ಮುತ್ತುತ್ತವೆ; ಅರ್ಧ ಗಂಟೆಯಲ್ಲಿ ಐದಾರು ಜಾತಿಗಳನ್ನು ಒಂದೇ ಮರದಲ್ಲಿ ಎಣಿಸಬಹುದು. ಬಿಸಿಲೇರುತ್ತಿದ್ದಂತೆ ‘ಟುಕ್ ಟುಕ್ ಟುಕ್’ ಎಂದು ಒಂದೇ ಸಮನೆ, ನಿಮಿಷಕ್ಕೆ ನೂರರ ಆಸುಪಾಸು ಬಡಿತದಂತೆ ಕೇಳುವ ದನಿ ಎಲ್ಲಿಯೋ ನಡೆದಿರುವ ಕಟ್ಟಡ ಕೆಲಸದ್ದೆಂದು ಹಲವರು ಭಾವಿಸಿದ್ದಾರೆ. ಅದು ಕಂಚುಗಾರ ಹಕ್ಕಿ. ಹಸುರು ಮೈ, ಕೆಂಪು ಹಣೆ, ಗುಬ್ಬಚ್ಚಿಗಿಂತ ಸ್ವಲ್ಪವೇ ದೊಡ್ಡದು. ಮಾರ್ಚಿನಿಂದ ಬೆಳಗಿನ ಜಾವದಲ್ಲಿ ದೂರದರ್ಶನದ ಆಂಟೆನಾದ ತುದಿಯಲ್ಲೋ ನೀರಿನ ಟಾಕಿಯ ಮೇಲೋ ಕುಳಿತು ಸಿಳ್ಳೆ ಹಾಕುವ ಕಪ್ಪುಬಿಳುಪಿನ ಮಡಿವಾಳ ಹಕ್ಕಿಯ ಸಂಗೀತವನ್ನು ಕೇಳಲು ಟಿಕೀಟು ಬೇಕಿಲ್ಲ.

ಕೋಗಿಲೆಯ ವ್ಯವಹಾರ ಇನ್ನೂ ರೋಚಕ. ಕುಹೂ ಎನ್ನುವುದು ಕರಿಯ ಗಂಡು. ಹೆಣ್ಣು ಕಂದುಬಣ್ಣದ್ದು, ಮೈತುಂಬ ಬಿಳಿಯ ಚುಕ್ಕೆ, ಅದರ ದನಿ ‘ಕಿಕ್ ಕಿಕ್’ ಎಂಬ ಕರ್ಕಶ. ಕವಿಗಳು ಶತಮಾನಗಳಿಂದ ಸ್ತ್ರೀಕಂಠಕ್ಕೆ ಹೋಲಿಸುತ್ತ ಬಂದದ್ದು ಗಂಡಿನ ದನಿಯನ್ನು. ಮುಂಬಯಿಯ ಕಾಗೆ ಮಳೆಗೆ ಮೊದಲು ಗೂಡು ಕಟ್ಟುತ್ತದೆ. ಕಡ್ಡಿ ಸಾಲದಿದ್ದರೆ ಕಟ್ಟಡ ಕೆಲಸದ ತಂತಿಯ ತುಂಡುಗಳನ್ನೂ ಹೆಣೆಯುತ್ತದೆ. ಆಗ ಗಂಡು ಕೋಗಿಲೆ ಕಾಗೆಗಳನ್ನು ಕೆಣಕಿ ಅಟ್ಟಿಸಿಕೊಂಡು ಹೋಗುವಂತೆ ಮಾಡುವುದೂ, ಆ ಸಂದಿನಲ್ಲಿ ಹೆಣ್ಣು ಮೊಟ್ಟೆಯಿಟ್ಟು ಹೋಗುವುದೂ ಉಂಟು. ಜುಲೈ ಆಗಸ್ಟಿನಲ್ಲಿ ಕಾಗೆಯೊಂದು ತನ್ನ ಕುಲದ್ದಲ್ಲದ ಮರಿಯ ಬಾಯಿಗೆ ತುತ್ತು ಕೊಡುವುದನ್ನು ತಾಳ್ಮೆಯುಳ್ಳವರು ಕಿಟಕಿಯಿಂದಲೇ ಕಾಣಬಹುದು. ಅದೇ ಮಳೆಗಾಲದಲ್ಲಿ ಬಾಲ್ಕನಿಯ ಕುಂಡದಲ್ಲಿ ಅಗಲ ಎಲೆಯ ಗಿಡವಿದ್ದರೆ ಸಿಂಪಿಗ ಹಕ್ಕಿ ಬರುವ ಸಂಭವವಿದೆ. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಈ ಜೀವಿ ಎಲೆಯ ಅಂಚುಗಳನ್ನು ಕೊಕ್ಕಿನಿಂದ ಚುಚ್ಚಿ, ಹತ್ತಿಯ ನಾರನ್ನೋ ಜೇಡರಬಲೆಯ ಎಳೆಯನ್ನೋ ತೂರಿಸಿ ಹೊಲಿದು, ಆ ಚೀಲದೊಳಗೆ ಗೂಡು ಮಾಡುತ್ತದೆ. ಅಂಥ ಕುಂಡವನ್ನು ಕೆಲವು ವಾರ ಅಲುಗಿಸದೆ ಬಿಟ್ಟರೆ ಮರಿಗಳು ಹಾರಿಹೋಗುವವರೆಗಿನ ಸಂಸಾರವೆಲ್ಲ ಕಣ್ಣೆದುರಿಗೆ ನಡೆಯುತ್ತದೆ. ಅಕ್ಟೋಬರಿನ ಮೇಲೆ ಉತ್ತರದಿಂದ ಬರುವ ಅತಿಥಿಗಳ ಸರದಿ: ಬಾಲ ಕುಣಿಸುತ್ತ ನೆಲದ ಮೇಲೆ ನಡೆಯುವ ಸಿಪಿಲೆ, ಮರದ ಎಲೆಗಳ ನಡುವೆ ಮಿಂಚಿ ಮರೆಯಾಗುವ ಹಳದಿಯ ಹೊನ್ನಕ್ಕಿ, ಮರೀನ್ ಡ್ರೈವಿನ ಅಲೆಗಳ ಮೇಲೆ ಬಿಳಿಯ ಕಡಲಹಕ್ಕಿಗಳು.

ಊರಿನಿಂದ ಬಂದ ಹಿರಿಯರ ಪಾತ್ರ ಮುಖ್ಯವಾಗುವುದು ಇಲ್ಲಿಯೇ. ಮೊಮ್ಮಕ್ಕಳು ಇಂಗ್ಲಿಷ್ ಶಾಲೆಯ ಪುಸ್ತಕದಲ್ಲಿ ಪೆಂಗ್ವಿನ್ನಿನ ಚಿತ್ರ ನೋಡಿರುತ್ತಾರೆ, ಎದುರಿನ ತಂತಿಯ ಮೇಲೆ ಕುಳಿತ ಕವಲುಬಾಲದ ಕರಿಹಕ್ಕಿಯ ಹೆಸರು ತಿಳಿಯದು. ಅಜ್ಜನಿಗೆ ಅದು ಕಾಜಾಣವೆಂದು ಗೊತ್ತು, ಹದ್ದನ್ನೂ ಹೆದರದೆ ಅಟ್ಟಿಸಿಕೊಂಡು ಹೋಗುತ್ತದೆಂದೂ ಗೊತ್ತು. ಕಾಗೆ ಕಿಟಕಿಯಲ್ಲಿ ಕೂತು ಕೂಗಿದರೆ ನೆಂಟರು ಬರುತ್ತಾರೆಂದು ಅಜ್ಜಿ ಹೇಳುತ್ತಾಳೆ. ನಗರದ ಒಂದು ಕೋಣೆಯ ಮನೆಯಲ್ಲಿ ಅದು ಎಚ್ಚರಿಕೆಯ ಮಾತಾಗಿಯೂ ಕೇಳಬಹುದು. ಮಗನ ಮನೆಯಲ್ಲಿ ಯಾವ ವಿಷಯದಲ್ಲಿಯೂ ತಮ್ಮ ಅನುಭವಕ್ಕೆ ಬೆಲೆಯಿಲ್ಲವೆಂದು ನೊಂದಿರುವ ವೃದ್ಧರಿಗೆ, ಮಗುವೊಂದು ಕೈಹಿಡಿದೆಳೆದು ‘ಅಜ್ಜ, ಇದು ಯಾವ ಹಕ್ಕಿ?’ ಎಂದು ಕೇಳುವುದು ಯಾವ ಬಲವರ್ಧಕ ಔಷಧಿಗೂ ಕಡಿಮೆಯಲ್ಲ.

ನೆರೆಯವರೊಡನೆ ಮಾತಿಗೂ ಇದು ದಾರಿ. ಕನ್ನಡದ ಸಿಂಪಿಗ ಮರಾಠಿಯಲ್ಲಿ ಶಿಂಪಿ. ಎರಡರ ಅರ್ಥವೂ ದರ್ಜಿ. ಕಂಚುಗಾರ ಅಲ್ಲಿ ತಾಂಬಟ್, ತಾಮ್ರದ ಕೆಲಸದವನು. ಗೊರವಂಕ ಸಾಳುಂಕಿಯಾಗುತ್ತದೆ, ಮಡಿವಾಳ ದಯಾಳ್ ಆಗುತ್ತದೆ. ಒಂದೇ ಹಕ್ಕಿಗೆ ಎರಡು ಭಾಷೆಗಳಲ್ಲಿ ಸಿಕ್ಕುವ ಮರ್ಯಾದೆ ಮಾತ್ರ ಯಾವಾಗಲೂ ಒಂದೇ ಆಗಿರುವುದಿಲ್ಲ. ಕೆಂಗಣ್ಣಿನ, ಇಟ್ಟಿಗೆಬಣ್ಣದ ರೆಕ್ಕೆಯ ಕೆಂಬೂತವನ್ನು ಕನ್ನಡದ ಗಾದೆ ನವಿಲನ್ನು ಅನುಕರಿಸಲು ಹೋಗಿ ನಗೆಪಾಟಲಾದ ಹಕ್ಕಿಯೆಂದು ಹಾಸ್ಯ ಮಾಡುತ್ತದೆ. ಮಹಾರಾಷ್ಟ್ರದಲ್ಲಿ ಅದೇ ಹಕ್ಕಿಗೆ ಭಾರದ್ವಾಜನೆಂದು ಋಷಿಯ ಹೆಸರು. ಬೆಳಗ್ಗೆ ಅದರ ದರ್ಶನವಾದರೆ ಶುಭವೆಂಬ ನಂಬಿಕೆ. ಕಾಲನಿಯ ಗೋಡೆಯ ಮೇಲೆ ಕೆಂಬೂತ ಕಂಡಾಗ ಪಕ್ಕದ ಮನೆಯ ಕಾಕೂ ಕೈಮುಗಿದರೆ ಆಶ್ಚರ್ಯಪಡಬೇಕಾಗಿಲ್ಲ.

ಹಕ್ಕಿಗಳನ್ನು ನೋಡುವುದು ಬೇರೆ, ಸಾಕಿದಂತೆ ಕಾಳು ಹಾಕುವುದು ಬೇರೆ. ಇದನ್ನು ಆರೋಗ್ಯದ ದೃಷ್ಟಿಯಿಂದ ಸ್ಪಷ್ಟವಾಗಿ ಹೇಳಬೇಕಾಗಿದೆ, ಏಕೆಂದರೆ ಪುಣ್ಯದ ಆಸೆಯಿಂದ ಪಾರಿವಾಳಗಳಿಗೆ ಕಾಳು ಚೆಲ್ಲುವವರು ಕನ್ನಡಿಗರಲ್ಲಿಯೂ ಇದ್ದಾರೆ. ಪಾರಿವಾಳದ ಒಣಗಿದ ಹಿಕ್ಕೆಯ ಧೂಳಿನಲ್ಲಿಯೂ ಗರಿಗಳ ಪುಡಿಯಲ್ಲಿಯೂ ಇರುವ ಪ್ರೋಟೀನುಗಳು ದಿನವೂ ಉಸಿರಿನೊಡನೆ ಒಳಹೋದರೆ ಕೆಲವರ ಶ್ವಾಸಕೋಶ ಅವುಗಳ ವಿರುದ್ಧ ಕೆರಳುತ್ತದೆ. ವೈದ್ಯರು ಇದನ್ನು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎನ್ನುತ್ತಾರೆ. ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು, ಆಯಾಸ, ತೂಕ ಇಳಿಯುವುದು ಇದರ ಲಕ್ಷಣಗಳು. ಸಕಾಲದಲ್ಲಿ ಗುರುತಿಸಿ ಪಾರಿವಾಳಗಳ ಸಂಪರ್ಕ ತಪ್ಪಿಸಿದರೆ ಗುಣವಾಗಬಹುದು. ಅಲಕ್ಷಿಸಿದರೆ ಶ್ವಾಸಕೋಶದಲ್ಲಿ ಕಲೆಗಟ್ಟಿ, ಹಿಂತಿರುಗಿಸಲಾಗದ ಹಾನಿಯಾಗುತ್ತದೆ. ಹಳೆಯ ಕೆಮ್ಮೆಂದು ತಿಂಗಳುಗಟ್ಟಲೆ ಔಷಧಿ ಕುಡಿಯುವವರು, ಮನೆಯ ಕಿಟಕಿಯಲ್ಲಿ ಪಾರಿವಾಳಗಳು ಗೂಡುಕಟ್ಟಿರುವ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ತಿಳಿಸುವುದು ಒಳಿತು. 2025ರಲ್ಲಿ ದಾದರಿನ ಕಬೂತರಖಾನಾದ ವಿವಾದ ಬಾಂಬೆ ಹೈಕೋರ್ಟಿನವರೆಗೆ ಹೋದುದು ಈ ಕಾರಣದಿಂದಲೇ. ಹವಾನಿಯಂತ್ರಕದ ಪೆಟ್ಟಿಗೆಯ ಹಿಂದೆ ಸೇರಿದ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬಾರದು. ನೀರು ಚಿಮುಕಿಸಿ, ಮೂಗು ಬಾಯಿಗಳನ್ನು ಮುಚ್ಚಿಕೊಂಡು ತೆಗೆಯಬೇಕು. ಮರೀನ್ ಡ್ರೈವಿನಲ್ಲಿ ಕಡಲಹಕ್ಕಿಗಳಿಗೆ ಗಾಠಿಯಾ ಎಸೆಯುವುದೂ ಹಕ್ಕಿಗೆ ಹಿತವಲ್ಲ. ಮೀನು ತಿನ್ನುವ ಜೀವಿಗೆ ಎಣ್ಣೆಯಲ್ಲಿ ಕರಿದ ಕಡಲೆಹಿಟ್ಟು ಆಹಾರವಲ್ಲ. ಹಕ್ಕಿಗಳಿಗೆ ಏನಾದರೂ ಕೊಡಲೇಬೇಕೆಂದರೆ ಬ��ಸಿಗೆಯಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಒಂದೆರಡು ಅಂಗುಲ ನೀರಿಟ್ಟು, ಅದನ್ನು ದಿನವೂ ತೊಳೆದು ಬದಲಿಸಿದರೆ ಸಾಕು.

ಕಿಟಕಿಯಿಂದ ಆಚೆಗೆ ಹೋಗಬಲ್ಲವರಿಗೆ ಮುಂಬಯಿ ಧಾರಾಳವಾಗಿಯೇ ಕೊಡುತ್ತದೆ. 1990ರ ದಶಕದಿಂದ ಶಿವಡಿಯ ಕೆಸರುಬಯಲಿಗೂ ಠಾಣೆಯ ಖಾರಿಗೂ ಸಾವಿರಾರು ರಾಜಹಂಸಗಳು ಬರುತ್ತಿವೆ. ಅವುಗಳ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ. ತಿನ್ನುವ ಪಾಚಿಯಲ್ಲಿರುವ ವರ್ಣದ್ರವ್ಯದಿಂದ ಬಂದದ್ದು. ಠಾಣೆ ಖಾರಿ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಭರತ ಇಳಿತಗಳ ವೇಳೆಯನ್ನು ವಿಚಾರಿಸಿಕೊಂಡು ಹೋಗಬೇಕು. ಐರೋಲಿಯಲ್ಲಿ ಅರಣ್ಯ ಇಲಾಖೆಯ ದೋಣಿಯೂ ಉಂಟು. ನಗರಕ್ಕೂ ಈ ಹಕ್ಕಿಗಳಿಗೂ ನಡುವಣ ಅಂತರ ಎಷ್ಟು ಕಿರಿದಾಗಿದೆಯೆಂಬುದಕ್ಕೆ 2024ರ ಮೇ 20ರ ರಾತ್ರಿ ಘಾಟಕೋಪರಿನ ಬಳಿ ಇಳಿಯುತ್ತಿದ್ದ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಸತ್ತುಬಿದ್ದುದು ನಿದರ್ಶನ. ಧಾರಾವಿಗೆ ತಾಗಿದ ಮಹಾರಾಷ್ಟ್ರ ನೇಚರ್ ಪಾರ್ಕು ಒಂದು ಕಾಲದಲ್ಲಿ ಕಸ ಸುರಿಯುವ ತಿಪ್ಪೆಯಾಗಿತ್ತು. ಇಂದು ಅಲ್ಲಿ ಕಾಡಿದೆ, ಹಕ್ಕಿಗಳಿವೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಹೆಸರು ಎಲ್ಲರಿಗೂ ತಿಳಿದದ್ದೇ. ಬೇರೆ ನಗರಗಳ ಸೋದರ ಸಂಘಗಳ ಸದಸ್ಯರಿಗೆ ಪುಣೆಯ ಪಾಷಾಣ ಕೆರೆ, ಚೆನ್ನೈಯ ಪಳ್ಳಿಕರಣೈ ಜೌಗು, ದಿಲ್ಲಿಯ ಓಖ್ಲಾ ಇವೆ. ಲೋಕಲ್ ಗಾಡಿಯೂ ಒಂದು ವೀಕ್ಷಣಾಲಯವೇ. ಮಾಹೀಮಿಗೂ ಬಾಂದ್ರಾಕ್ಕೂ ನಡುವಣ ಖಾರಿಯ ಕೆಸರಿನಲ್ಲಿಯೂ, ವಾಶಿಯ ಸೇತುವೆಯ ಕೆಳಗೂ ಬೆಳ್ಳಕ್ಕಿಗಳನ್ನು ಕಿಟಕಿಯ ಜಾಗ ಸಿಕ್ಕಿದವರು ಎಣಿಸಬಹುದು.

ಸಲಕರಣೆಗಳ ವಿಚಾರ ಹೆಚ್ಚಿಲ್ಲ. ಮೊದಲ ಆರು ತಿಂಗಳು ದುರ್ಬೀನು ಬೇಡ. ಮುಂದೆ ಕೊಳ್ಳುವುದಾದರೆ ‘8×40’ ಅಥವಾ ‘8×42’ ಎಂದು ಗುರುತಿರುವುದು ಅನುಕೂಲ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುವುದೆಂಬುದನ್ನೂ, ಎರಡನೆಯದು ಮುಂಗಾಜಿನ ಅಗಲವನ್ನು ಮಿಲಿಮೀಟರಿನಲ್ಲಿಯೂ ಸೂಚಿಸುತ್ತದೆ. ಹನ್ನೆರಡು, ಹದಿನಾರು ಪಟ್ಟಿನದನ್ನು ಆಸೆಪಟ್ಟು ಕೊಂಡರೆ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಪುಸ್ತಕಗಳಲ್ಲಿ 1941ರಲ್ಲಿ ಮೊದಲು ಅಚ್ಚಾದ ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಗ್ರಂಥ ಇಂಗ್ಲಿಷಿನಲ್ಲಿಯೂ, ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಕನ್ನಡದಲ್ಲಿಯೂ ಇವೆ. ಫೋನಿನಲ್ಲಿ ಹಕ್ಕಿಯ ದನಿ ಕೇಳಿಸಿ ಹೆಸರು ತಿಳಿಯುವ ‘ಮರ್ಲಿನ್’ ಎಂಬ ಉಚಿತ ಸಾಧನವೂ ಬಂದಿದೆ. ಆದರೆ ಮೊದಲು ತಾನೇ ಊಹಿಸಿ, ಬಳಿಕ ತಾಳೆ ನೋಡುವವನಿಗೆ ಹೆಚ್ಚಿನ ಸುಖ.

ಎಲ್ಲಕ್ಕಿಂತ ಬೇಕಾದದ್ದು ಒಂದು ಸಾಧಾರಣ ನೋಟುಬುಕ್ಕು. ತಾರೀಖು, ವೇಳೆ, ಸ್ಥಳ, ಹಕ್ಕಿಯ ಹೆಸರು, ಸಂಖ್ಯೆ, ಅದು ಮಾಡುತ್ತಿದ್ದ ಕೆಲಸ, ಇಷ್ಟು ಅಂಕಣಗಳನ್ನು ಎಳೆದುಕೊಂಡರೆ ಸಾಕು. ಹೆಸರು ತಿಳಿಯದಿದ್ದರೆ ಗಾತ್ರವನ್ನು ಗುಬ್ಬಚ್ಚಿ, ಗೊರವಂಕ, ಕಾಗೆ ಈ ಮೂರಕ್ಕೆ ಹೋಲಿಸಿ ಬರೆಯುವುದು ಹಳಬರ ಕ್ರಮ. ಎರಡು ವರ್ಷಗಳ ಲೆಕ್ಕ ಸೇರಿದಾಗ, ಕೋಗಿಲೆ ಹೋದ ವರ್ಷಕ್ಕಿಂತ ಎಷ್ಟು ದಿನ ಮೊದಲು ಕೂಗಿತು, ಎದುರಿನ ಮರ ಕಡಿದ ಮೇಲೆ ಯಾವ ಹಕ್ಕಿಗಳು ಬರುವುದು ನಿಂತಿತು ಎಂಬುದೆಲ್ಲ ಆ ಪುಟಗಳಿಂದಲೇ ತಿಳಿಯುತ್ತದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಜಾಗತಿಕ ಗಣತಿಯಲ್ಲಿ ಭಾರತ 2013ರಿಂದ ಭಾಗವಹಿಸುತ್ತಿದೆ. ಹದಿನೈದು ನಿಮಿಷ ಒಂದೆಡೆ ಕುಳಿತು ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಕಳಿಸಿದರೆ ಅದು ವಿಜ್ಞಾನಿಗಳಿಗೂ ಉಪಯುಕ್ತ ಮಾಹಿತಿಯಾಗುತ್ತದೆ. ಬಾಲ್ಕನಿಯಲ್ಲಿ ನಿಂತು ಎಣಿಸಿದರೂ ನಡೆಯುತ್ತದೆ; ಐದು ಕಾಗೆ, ಎರಡು ಹದ್ದು, ಒಂದು ಪಿಕಳಾರ ಎಂಬ ಪಟ್ಟಿಯನ್ನೂ ಅವರು ಸ್ವೀಕರಿಸುತ್ತಾರೆ.